ನೆಟ್ ಯಾರು ತಿಂತಿದಾರೆ ಅಂತ ಮೊದಲು ನೋಡ್ಕೊಳ್ಳಿ, ಲಿಮಿಟರ್ ಆಮೇಲೆ ಆರಿಸ್ಕೊಳ್ಳಿ

ಒಂದೇ ಕನೆಕ್ಷನ್ನು, 40 ಎಂಬಿಪಿಎಸ್ಸು, ಅದರ ಮೇಲೆ ಒಬ್ಬರು ಟೀಮ್ಸ್ ಕಾಲಲ್ಲಿ, ಇನ್ನೊಬ್ಬರು ಕ್ಲೈಂಟಿಗೆ ವೀಡಿಯೋ ಕಳಿಸ್ತಾ, ಹಾಲಲ್ಲಿ ಅಪ್ಪ ಟೀವೀಲಿ ಯೂಟ್ಯೂಬು, ರೂಮಲ್ಲಿ ಮಗನ ಗೇಮ್ ಅಪ್‌ಡೇಟು. ಬನಶಂಕರಿಯಿಂದ ಹೆಬ್ಬಾಳದವರೆಗೆ ಬೆಂಗಳೂರಲ್ಲಿ ಎಷ್ಟೋ ಮನೆಗಳ ಕತೆ ಇದೇ. ಕಾಲ್ ಕಟ್ ಕಟ್ ಆದ ತಕ್ಷಣ ಎಲ್ರೂ ಕೇಳೋದು ಒಂದೇ ಪ್ರಶ್ನೆ, ಒಂದೊಂದು ಆ್ಯಪ್‌ಗೂ ಇಷ್ಟೇ ಸ್ಪೀಡು ಅಂತ ಲಿಮಿಟ್ ಹಾಕೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಗುರು? ಉತ್ತರ ಕೇಳಿ ಸ್ವಲ್ಪ ಬೇಜಾರಾಗ್ಬೋದು. ಸುಮಾರು ಸಲ ಯಾವ ಸಾಫ್ಟ್‌ವೇರೂ ಬೇಡ, ನೀವು ಬಳಸೋ ಆ್ಯಪ್ ಒಳಗೇ ಆ ಸೆಟ್ಟಿಂಗ್ ಇರತ್ತೆ, ತೆಗೆದು ನೋಡಿರಲ್ಲ ಅಷ್ಟೇ. ಇನ್ನು ಕೆಲವು ಸಲ ತೊಂದ್ರೆ ನಿಮ್ಮ ಕಂಪ್ಯೂಟರಲ್ಲೇ ಇಲ್ಲ, ಮನೆಯ ಬೇರೆ ಯಾವುದೋ ಡಿವೈಸಲ್ಲಿದೆ, ಆಗ ರೂಟರ್ ಮುಟ್ಟದೇ ಬೇರೆ ದಾರಿ ಇಲ್ಲ. ಇವೆರಡರ ಮಧ್ಯೆ ಒಂದು ಸಣ್ಣ ಜಾಗ ಇದೆ, ದುಡ್ಡು ಕೊಟ್ಟು ತಗೊಳ್ಳೋ ಲಿಮಿಟರ್‌ಗೆ ನಿಜವಾದ ಕೆಲಸ ಅಲ್ಲಿ ಮಾತ್ರ.

ಮೊದಲು ಕಳ್ಳನ್ನ ಹಿಡೀರಿ

ವಿಂಡೋಸಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದು ನೆಟ್‌ವರ್ಕ್ ಕಾಲಂ ಮೇಲೆ ಒತ್ತಿದ್ರೆ ಜಾಸ್ತಿ ಎಳೀತಿರೋರು ಮೇಲಕ್ಕೆ ಬರ್ತಾರೆ. ಆದ್ರೆ ಅಲ್ಲಿ ಹೋಗಿದ್ದು ಬಂದಿದ್ದು ಎರಡೂ ಸೇರಿಸಿ ಒಂದೇ ನಂಬರು ತೋರ್ಸತ್ತೆ, ಹಾಗಾಗಿ ರಿಸೋರ್ಸ್ ಮಾನಿಟರ್ ತೆಗೀರಿ, ಅದರ ನೆಟ್‌ವರ್ಕ್ ಟ್ಯಾಬಲ್ಲಿ ಸೆಂಡ್ ಬೇರೆ ರಿಸೀವ್ ಬೇರೆ ಕಾಣತ್ತೆ. ಮ್ಯಾಕಲ್ಲಿ ಆಕ್ಟಿವಿಟಿ ಮಾನಿಟರ್, ಲಿನಕ್ಸಲ್ಲಿ ನೆಟ್‌ಹಾಗ್ಸ್. ಇದಕ್ಕೆಲ್ಲ ದುಡ್ಡು ಬೇಕಾಗಿಲ್ಲ.

ಸೆಂಡ್ ಕಾಲಂ ನೋಡಿ ಅಂತ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ ಎಲ್ಲರ ಕಣ್ಣು ಡೌನ್‌ಲೋಡ್ ಮೇಲೇ ಇರತ್ತೆ, ಕಾಲ್ ಹಾಳು ಮಾಡೋದು ಬಹಳ ಸಲ ಅಪ್‌ಲೋಡು. ಅಪ್‌ಲೋಡ್ ದಾರಿ ತುಂಬಿಬಿಟ್ರೆ ನಿಮ್ಮ ಧ್ವನಿ ಆಚೆ ಹೋಗಲ್ಲ, ಅಷ್ಟೇ ಅಲ್ಲ, ಡೌನ್‌ಲೋಡ್ ಆಗ್ತಿರೋ ಡೇಟಾಗೆ "ಬಂತು, ಮುಂದಿಂದು ಕಳ್ಸು" ಅಂತ ವಾಪಸ್ ಹೋಗ್ಬೇಕಾದ ಸಣ್ಣ ಪ್ಯಾಕೆಟ್‌ಗಳೂ ಅದೇ ಸಾಲಲ್ಲಿ ಸಿಕ್ಕಾಕೊಳ್ತವೆ, ಹಾಗಾಗಿ ಡೌನ್‌ಲೋಡೂ ಸೊರಗತ್ತೆ. ಆಗ ಸ್ಪೀಡ್ ಟೆಸ್ಟ್ ಮಾಡಿ "ಪ್ಲಾನ್ ಅಪ್‌ಗ್ರೇಡ್ ಮಾಡ್ಬೇಕು" ಅಂತ ಹೊರಡೋರು ತುಂಬಾ ಜನ. ಅದರ ಬದಲು ಕಮಾಂಡ್ ಪ್ರಾಂಪ್ಟಲ್ಲಿ 8.8.8.8ಗೆ (ಅದು ಗೂಗಲ್ಲಿನವರ ಸರ್ವರ್) ನಿಲ್ಲದೇ ಪಿಂಗ್ ಹಾಕಿಟ್ಟು, ಅಂದ್ರೆ ಸಣ್ಣ ಪ್ಯಾಕೆಟ್ ಹೋಗಿ ಬರೋಕೆ ಎಷ್ಟು ಹೊತ್ತು ಅಂತ ಅಳೀತಾ, ಪಕ್ಕದಲ್ಲಿ ಒಂದು ದೊಡ್ಡ ಫೈಲ್ ಅಪ್‌ಲೋಡಿಗೆ ಬಿಡಿ. ಸುಮ್ನಿದ್ದಾಗ 10, 15 ಮಿಲಿಸೆಕೆಂಡ್ ಇದ್ದಿದ್ದು ಅಪ್‌ಲೋಡ್ ಶುರುವಾದ ಮೇಲೆ ಮುನ್ನೂರು ನಾನೂರಕ್ಕೆ ಏರಿದ್ರೆ ನಿಮ್ಮ ಸಮಸ್ಯೆ ಸ್ಪೀಡ್ ಅಲ್ಲ, ಕ್ಯೂ, ಅಂದ್ರೆ ಪ್ಯಾಕೆಟ್‌ಗಳು ಸಾಲಲ್ಲಿ ಕಾಯ್ತಿರೋದು. ಮ್ಯಾಕ್ ಇರೋರಿಗೆ 2021ರಲ್ಲಿ ಬಂದ ಮಾಂಟೆರೆ ಅನ್ನೋ ವರ್ಷನಿಂದ ಈಚೆಗೆ ಟರ್ಮಿನಲ್ಲಲ್ಲಿ ನೆಟ್‌ವರ್ಕ್‌ಕ್ವಾಲಿಟಿ ಅನ್ನೋ ಕಮಾಂಡೇ ಇದೆ, ಲೋಡ್ ಇದ್ದಾಗ ಲೈನ್ ಎಷ್ಟು ಬೇಗ ಪ್ರತಿಕ್ರಿಯೆ ಕೊಡತ್ತೆ ಅಂತ ಅದೇ ಅಳೆದು ಹೇಳತ್ತೆ.

ಇನ್ನೊಂದು, ಬಿಟ್ಟು ಬೈಟು ಲೆಕ್ಕ. ಪ್ಲಾನ್ ಎಂಬಿಪಿಎಸ್ಸಲ್ಲಿ ಇರತ್ತೆ, ಅದು ಬಿಟ್ಟು. ಆ್ಯಪ್‌ಗಳ ಲಿಮಿಟ್ ಬಾಕ್ಸು ಸುಮಾರಾಗಿ ಕೆಬಿ ಪರ್ ಸೆಕೆಂಡಲ್ಲಿ ಇರತ್ತೆ, ಅದು ಬೈಟು. 8ರಿಂದ ಭಾಗಿಸ್ಬೇಕು. 5 ಎಂಬಿಪಿಎಸ್ ಮಾತ್ರ ಬಿಡ್ಬೇಕು ಅಂದ್ರೆ ಬಾಕ್ಸಲ್ಲಿ 625 ಹಾಕ್ಬೇಕು, 5000 ಹಾಕಿದ್ರೆ ಪೂರ್ತಿ 40 ಎಂಬಿಪಿಎಸ್ಸೂ ಅದಕ್ಕೇ ಬರ್ಕೊಟ್ಟ ಹಾಗೆ.

ಆ್ಯಪ್ ಒಳಗಿನ ಸೆಟ್ಟಿಂಗು

ನನ್ ಪ್ರಕಾರ ಎಲ್ರೂ ಶುರು ಮಾಡ್ಬೇಕಾಗಿರೋದು ಇಲ್ಲಿಂದ. ಫ್ರೀ, ಅಡ್ಮಿನ್ ಪರ್ಮಿಷನ್ ಬಹುತೇಕ ಬೇಡ, ಕಂಪನಿ ಲ್ಯಾಪ್‌ಟಾಪಲ್ಲೂ ನಡಿಯತ್ತೆ. ಔಟರ್ ರಿಂಗ್ ರೋಡ್ ಕಂಪನಿಗಳಲ್ಲಿ ಕೆಲಸ ಮಾಡೋರಿಗೆ ಇದು ದೊಡ್ಡ ವಿಷ್ಯ, ಯಾಕಂದ್ರೆ ಆ ಲ್ಯಾಪ್‌ಟಾಪಲ್ಲಿ ಬೇರೆ ಸಾಫ್ಟ್‌ವೇರ್ ಹಾಕೋಕೆ ಐಟಿಯವರು ಬಿಡಲ್ಲ.

ಒನ್‌ಡ್ರೈವಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಸಿಂಕ್ ಅಡ್ವಾನ್ಸ್ಡ್ ಭಾಗ ತೆಗೆದ್ರೆ ಅಪ್‌ಲೋಡ್ ಡೌನ್‌ಲೋಡ್ ಎರಡಕ್ಕೂ ಬೇರೆ ಬೇರೆ ಲಿಮಿಟ್ ಇದೆ. ಅಪ್‌ಲೋಡಿಗೆ ತಾನೇ ಹೊಂದಿಸ್ಕೊಳ್ಳೋ ಆಪ್ಷನ್ ಒಂದಿದೆ, ಅದು ಲೈನ್ ಖಾಲಿ ಇದ್ದಾಗ ಮಾತ್ರ ಕಳಿಸತ್ತೆ, ಬೇರೆಯವರು ಬಂದ್ರೆ ಹಿಂದೆ ಸರಿಯತ್ತೆ. ನಂಬರ್ ಹಾಕೋದಕ್ಕಿಂತ ಇದೇ ವಾಸಿ. ಗೂಗಲ್ ಡ್ರೈವ್ ಡೆಸ್ಕ್‌ಟಾಪ್ ಆ್ಯಪಲ್ಲೂ ಡ್ರಾಪ್‌ಬಾಕ್ಸಲ್ಲೂ ಲಿಮಿಟ್ ಇದೆ. ಕೊರತೆ ಏನಂದ್ರೆ ಒನ್‌ಡ್ರೈವಲ್ಲಾಗಲಿ ಗೂಗಲ್ ಡ್ರೈವಲ್ಲಾಗಲಿ ಟೈಮ್ ಟೇಬಲ್ ಇಲ್ಲ, ಬೆಳಿಗ್ಗೆ ಕಮ್ಮಿ ರಾತ್ರಿ ಜಾಸ್ತಿ ಅಂತ ಹೇಳೋಕಾಗಲ್ಲ. ಒನ್‌ಡ್ರೈವನ್ನ 2, 8 ಅಥವಾ 24 ಗಂಟೆ ನಿಲ್ಲಿಸಿಡ್ಬೋದು, ಮೀಟಿಂಗ್ ಇರೋ ದಿನ ಬೆಳಿಗ್ಗೆ 8 ಗಂಟೆ ಅಂತ ಒತ್ತಿಬಿಟ್ರೆ ಸಂಜೆವರೆಗೂ ತೆಪ್ಪಗಿರತ್ತೆ.

ವಿಂಡೋಸ್ ಅಪ್‌ಡೇಟಿಗೆ ಡೆಲಿವರಿ ಆಪ್ಟಿಮೈಸೇಷನ್ ಅನ್ನೋ ಪುಟ ಇದೆ, ಅಪ್‌ಡೇಟ್ ಸೆಟ್ಟಿಂಗ್ಸಿನ ಅಡ್ವಾನ್ಸ್ಡ್ ಒಳಗೆ. ಬ್ಯಾಕ್‌ಗ್ರೌಂಡ್ ಡೌನ್‌ಲೋಡಿಗೆ ಇಷ್ಟು ಎಂಬಿಪಿಎಸ್ ಅಥವಾ ಇಷ್ಟು ಪರ್ಸೆಂಟ್ ಅಂತ ಹಾಕ್ಬೋದು, ಬೇರೆ ಕಂಪ್ಯೂಟರ್‌ಗಳಿಗೆ ಅದು ಅಪ್‌ಲೋಡ್ ಮಾಡೋದಕ್ಕೂ ಲಿಮಿಟ್ ಇದೆ. ಹೌದು, ನೀವು ತಗೊಂಡ ಅಪ್‌ಡೇಟನ್ನ ಅದು ಬೇರೆಯವರಿಗೂ ಹಂಚತ್ತೆ! ಲೋಕಲ್ ನೆಟ್‌ವರ್ಕಿಗೆ ಮಾತ್ರ ಅಂತ ಇಟ್ಕೊಳ್ಳಿ, ಮನೇಲಿ ಎರಡು ಮೂರು ವಿಂಡೋಸ್ ಮಷಿನ್ ಇದ್ರೆ ಒಂದು ಇಳಿಸಿದ್ದನ್ನ ಇನ್ನೊಂದು ಅದರಿಂದಲೇ ತಗೊಳತ್ತೆ, ಲಾಭ ನಿಮಗೇ. ಮೈಕ್ರೋಸಾಫ್ಟಿನವರು ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡ್ತಾರೆ, ಅಮೆರಿಕದ ಪಶ್ಚಿಮ ಕರಾವಳಿ ಟೈಮಲ್ಲಿ ಬೆಳಿಗ್ಗೆ 10ಕ್ಕೆ, ಅಂದ್ರೆ ನಮಗೆ ಮಂಗಳವಾರ ರಾತ್ರಿ ಹತ್ತೂವರೆ ಇಲ್ಲಾ ಹನ್ನೊಂದೂವರೆ. ಆ ಹೊತ್ತಿಗೆ ಲ್ಯಾಪ್‌ಟಾಪ್ ಮುಚ್ಚಿರತ್ತೆ, ತೆಗೆಯೋದು ಬುಧವಾರ ಬೆಳಿಗ್ಗೆ, ಸರಿಯಾಗಿ ಸ್ಟಾಂಡಪ್ ಮೀಟಿಂಗ್ ಟೈಮಿಗೆ. ಬುಧವಾರವೇ ಯಾಕೆ ಕಾಲ್ ಹಾಳಾಗತ್ತೆ ಅಂತ ತಲೆ ಕೆಡಿಸ್ಕೊಂಡಿರೋರು ಈ ಪುಟ ಒಂದ್ಸಲ ನೋಡಿ. ಆಕ್ಟಿವ್ ಅವರ್ಸ್ ಸೆಟ್ ಮಾಡಿದೀನಲ್ಲ ಅಂತೀರಾ, ಅದು ರೀಸ್ಟಾರ್ಟ್ ತಡೆಯೋಕೆ ಮಾತ್ರ, ಡೌನ್‌ಲೋಡ್ ತಡೆಯಲ್ಲ.

ಗೇಮ್ ಇಳಿಸೋ ಆ್ಯಪ್ ಸ್ಟೀಮಲ್ಲಿ ಲಿಮಿಟ್ಟೂ ಇದೆ, ಆಟೋ ಅಪ್‌ಡೇಟ್ ಇಂಥ ಗಂಟೆಯಿಂದ ಇಂಥ ಗಂಟೆವರೆಗೆ ಮಾತ್ರ ಅಂತ ಷೆಡ್ಯೂಲೂ ಇದೆ. ಹೊಸ ಗೇಮ್ ನೀವೇ ಇನ್‌ಸ್ಟಾಲ್ ಒತ್ತಿದ್ರೆ ಷೆಡ್ಯೂಲ್ ಲೆಕ್ಕಕ್ಕಿಲ್ಲ, ಅವಾಗ್ಲೇ ಶುರು. ಎಪಿಕ್ ಲಾಂಚರಲ್ಲೂ ಡೌನ್‌ಲೋಡ್ ಥ್ರಾಟಲ್, ಅಂದ್ರೆ ಸ್ಪೀಡ್ ಲಿಮಿಟ್ಟು, ಇದೆ. ಟೊರೆಂಟ್ ಆ್ಯಪ್‌ಗಳು ಈ ವಿಷ್ಯದಲ್ಲಿ ಎಲ್ಲರಿಗಿಂತ ಮುಂದೆ, ಕ್ಯೂಬಿಟ್‌ಟೊರೆಂಟಲ್ಲಿ ಎರಡು ಸೆಟ್ ಲಿಮಿಟ್ ಇಟ್ಕೊಂಡು ಯಾವ ದಿನ ಯಾವ ಟೈಮಿಗೆ ಯಾವುದು ಅಂತ ಹೇಳ್ಬೋದು, ಟ್ರಾನ್ಸ್‌ಮಿಷನಲ್ಲಿ ಆಮೆ ಚಿತ್ರ ಒತ್ತಿದ್ರೆ ನಿಧಾನ, ಅದಕ್ಕೂ ಟೈಮ್ ಇಡ್ಬೋದು. ಲಿನಕ್ಸ್ ಐಎಸ್‌ಓಗಳನ್ನ (ಇನ್‌ಸ್ಟಾಲ್ ಫೈಲುಗಳನ್ನ) ಸೀಡ್ ಮಾಡೋರು, ಅಂದ್ರೆ ಟೊರೆಂಟಲ್ಲಿ ಬೇರೆಯವರಿಗೆ ಹಂಚೋರು, ಇದನ್ನ ಮೊದಲೇ ಕಂಡ್ಕೊಂಡಿರ್ತಾರೆ.

ಇನ್ನು ಕಾಲ್ ಆ್ಯಪ್‌ಗಳು. ಒಂದು ಮಾತು, ಕಾಲಿಗೆ ಲಿಮಿಟ್ ಹಾಕ್ಬೇಡಿ, ಉಳಿದವರಿಗೆ ಹಾಕಿ. ಜೂಮಲ್ಲಿ ಇಬ್ಬರೇ ಮಾತಾಡೋ 720ಪಿ ಕಾಲಿಗೆ ಬೇಕಾಗೋದು ಸುಮಾರು 1.2 ಎಂಬಿಪಿಎಸ್, ಅದರಲ್ಲಿ ಉಳಿಸೋಕೆ ಏನೂ ಇಲ್ಲ. ಲೈನ್ ಬಹಳ ಸಣ್ಣದಾಗಿದ್ರೆ ಎಚ್‌ಡಿ ವೀಡಿಯೋ ಆಫ್ ಮಾಡಿ, ಸಾಕು.

ದುಡ್ಡು ಕೊಟ್ಟು ತಗೊಳ್ಳೋ ಲಿಮಿಟರ್

ಆ್ಯಪ್ ಒಳಗೆ ಸೆಟ್ಟಿಂಗೇ ಇಲ್ಲ, ಯಾವುದೋ ಬ್ಯಾಕಪ್ ಏಜೆಂಟು, ಯಾವುದೋ ಡಿಸೈನ್ ಸಾಫ್ಟ್‌ವೇರಿನ ಅಪ್‌ಡೇಟರು ಸುಮ್ನೆ ಎಳೀತಾನೇ ಇರತ್ತೆ, ಮಷಿನ್ ನಿಮ್ದೇ, ವಿಂಡೋಸು. ಆಗ ನೆಟ್‌ಲಿಮಿಟರ್ ತಗೊಳ್ಳಿ. ಒಂದೊಂದು ಪ್ರೋಗ್ರಾಮಿಗೂ ಡೌನ್‌ಲೋಡ್ ಅಪ್‌ಲೋಡ್ ಲಿಮಿಟ್ಟು, ಪ್ರಯಾರಿಟಿ, ಇಷ್ಟು ಜಿಬಿ ದಾಟಿದ್ರೆ ಹೀಗೆ ಮಾಡು ಅನ್ನೋ ಕೋಟಾ, ರೂಲ್‌ಗಳಿಗೆ ಟೈಮಿಂಗು, ಎಲ್ಲ ಒಂದೇ ಕಡೆ. ಲೈಟ್ ಪ್ರೋ ಅಂತ ಎರಡು ಇದಾವೆ, ಷೆಡ್ಯೂಲ್ ಬೇಕು ಅನ್ನೋದಾದ್ರೆ ಅದು ಯಾವುದರಲ್ಲಿದೆ ನೋಡ್ಕೊಂಡು ದುಡ್ಡು ಕೊಡಿ, ಮೊದಲು ಟ್ರಯಲ್ ಹಾಕ್ಕೊಂಡೇ ನೋಡಿ.

ಆದ್ರೆ ಎರಡು ಗುಂಡಿ ಇದಾವೆ, ಜನ ಬೀಳೋದು ಅಲ್ಲೇ. ಒಂದು, ಬ್ರೌಸರ್. ಕ್ರೋಮಿಗೆ 4 ಎಂಬಿಪಿಎಸ್ ಅಂತ ಲಿಮಿಟ್ ಹಾಕಿದ್ರೆ ಅದೇ ಕ್ರೋಮಿನ ಒಂದು ಟ್ಯಾಬಲ್ಲಿ ಮೀಟ್ ಕಾಲು, ಇನ್ನೊಂದರಲ್ಲಿ ಡ್ರೈವಿಗೆ ಅಪ್‌ಲೋಡು, ಲಿಮಿಟರ್‌ಗೆ ಎರಡೂ ಕ್ರೋಮೇ, ಯಾರ ಕುತ್ತಿಗೆ ಹಿಸುಕ್ಬೇಕು ಅಂತ ಅದಕ್ಕೆ ಗೊತ್ತಾಗಲ್ಲ. ಇದಕ್ಕೆ ಸುಲಭದ ದಾರಿ ಅಂದ್ರೆ ಅಪ್‌ಲೋಡಿಗೆ ಫೈರ್‌ಫಾಕ್ಸ್ ಇಟ್ಕೊಂಡು ಅದಕ್ಕೆ ಮಾತ್ರ ಲಿಮಿಟ್ ಹಾಕೋದು. ಎರಡು, ಎಸ್‌ವಿಸಿಹೋಸ್ಟ್ ಅನ್ನೋ ವಿಂಡೋಸಿನದ್ದೇ ಪ್ರೋಗ್ರಾಂ. ವಿಂಡೋಸ್ ಅಪ್‌ಡೇಟ್ ಅದರೊಳಗಿಂದ ಓಡತ್ತೆ, ನಿಜ, ಆದ್ರೆ ವಿಂಡೋಸಿನ ಬೇರೆ ಹತ್ತಾರು ಸರ್ವಿಸ್‌ಗಳೂ ಅದೇ ಹೆಸರಲ್ಲಿ ಓಡ್ತವೆ, ವೆಬ್‌ಸೈಟ್ ಹೆಸರು ಹುಡುಕೋ ಡಿಎನ್‌ಎಸ್ ಸರ್ವಿಸ್ ಸೇರಿ. ಅದಕ್ಕೆ ಜೋರಾಗಿ ಲಿಮಿಟ್ ಬಿಗಿದ್ರೆ ಎಲ್ಲ ಪೇಜೂ ನಿಧಾನ ಅನ್ಸೋಕೆ ಶುರುವಾಗತ್ತೆ. ಅಪ್‌ಡೇಟಿಗೆ ಮೇಲೆ ಹೇಳಿದ ಡೆಲಿವರಿ ಆಪ್ಟಿಮೈಸೇಷನ್ನೇ ಸರಿ.

ಡೌನ್‌ಲೋಡ್ ಲಿಮಿಟ್ ಬಗ್ಗೆ ಒಂದು ತಿಳ್ಕೊಂಡಿರಿ. ಡೇಟಾ ನಿಮ್ಮ ಲೈನ್ ದಾಟಿ ಕಂಪ್ಯೂಟರಿಗೆ ಬಂದ ಮೇಲೇ ಲಿಮಿಟರ್ ಕೈಗೆ ಸಿಗೋದು. ಅದು ಪ್ಯಾಕೆಟ್‌ಗಳನ್ನ ತಡ ಮಾಡತ್ತೆ ಇಲ್ಲಾ ಬಿಸಾಕತ್ತೆ, ಅದನ್ನ ನೋಡಿ ಆ ಕಡೆಯ ಸರ್ವರ್ ತಾನೇ ನಿಧಾನ ಮಾಡ್ಕೊಳತ್ತೆ, ಹಾಗಾಗಿ ಹಿಡಿತ ಬರೋಕೆ ಸ್ವಲ್ಪ ಟೈಮ್ ಬೇಕು, ಒಂದೆರಡು ಕ್ಷಣದ ಸಣ್ಣ ಡೌನ್‌ಲೋಡ್‌ಗಳು ತಪ್ಪಿಸ್ಕೊಂಡುಬಿಡ್ತವೆ. ಅಪ್‌ಲೋಡಲ್ಲಿ ಹಾಗಿಲ್ಲ, ಕಳಿಸೋದೇ ನೀವು, ಬಾಗಿಲು ನಿಮ್ಮ ಕೈಲೇ ಇದೆ. ವಿಂಡೋಸ್ ಪ್ರೋ ಇದ್ರೆ ಗ್ರೂಪ್ ಪಾಲಿಸಿ ಎಡಿಟರಲ್ಲಿ ಕ್ಯೂಓಎಸ್ ಪಾಲಿಸಿ ಅಂತ ಇದೆ, ಪ್ರೋಗ್ರಾಂ ಹೆಸರು ಕೊಟ್ಟು ಥ್ರಾಟಲ್ ಹಾಕೋದು, ಫ್ರೀ, ಆದ್ರೆ ಹೊರಗೆ ಹೋಗೋ ಟ್ರಾಫಿಕ್ಕಿಗೆ ಮಾತ್ರ, ಟೈಮ್ ಟೇಬಲ್ಲೂ ಇಲ್ಲ. ಹೋಮ್ ಎಡಿಷನಲ್ಲಿ ಆ ಎಡಿಟರೇ ಬರಲ್ಲ.

ಗ್ಲಾಸ್‌ವೈರ್ ಅನ್ನೂ ಜನ ಈ ಸಾಲಿಗೆ ಸೇರಿಸ್ತಾರೆ. ನೋಡೋಕೆ ಚೆನ್ನಾಗಿದೆ, ಯಾವ ಆ್ಯಪ್ ಎಷ್ಟು ಬಳಸ್ತು ಅಂತ ಗ್ರಾಫ್ ಕೊಡತ್ತೆ, ಬೇಡ ಅಂದ್ರೆ ಬ್ಲಾಕೂ ಮಾಡತ್ತೆ, ಆದ್ರೆ ಸ್ಪೀಡ್ ಕಮ್ಮಿ ಮಾಡಲ್ಲ. ಮ್ಯಾಕಿನ ಲಿಟಲ್ ಸ್ನಿಚ್ಚೂ ಹಾಗೇ, ಬಿಡು ಇಲ್ಲಾ ತಡಿ, ಮಧ್ಯದ್ದು ಇಲ್ಲ.

ಮ್ಯಾಕು, ಲಿನಕ್ಸು

ಮ್ಯಾಕಲ್ಲಿ ಆ್ಯಪ್ ಪ್ರಕಾರ ಸ್ಪೀಡ್ ಇಳಿಸೋ ಸೆಟ್ಟಿಂಗ್ ಆಪಲ್ಲಿನವರು ಕೊಟ್ಟಿಲ್ಲ. ನೆಟ್‌ವರ್ಕ್ ಲಿಂಕ್ ಕಂಡೀಷನರ್ ಇದೆ ಅಂತಾರೆ, ಅದು ಡೆವಲಪರ್‌ಗಳು ಟೆಸ್ಟಿಂಗಿಗೆ ಬಳಸೋದು, ಇಡೀ ಮಷಿನ್ನೇ ನಿಧಾನ ಆಗತ್ತೆ. ವೆಂಚುರಾದಿಂದ ಈಚೆಗೆ ವೈಫೈಗೆ ಲೋ ಡೇಟಾ ಮೋಡ್ ಇದೆ, ಅದೂ ಆ್ಯಪ್ ಒಳಗಿನ ಲಿಮಿಟ್ಟೂ, ಇಷ್ಟರಲ್ಲಿ ಮುಗಿಸ್ಕೊಳ್ಳಿ.

ಲಿನಕ್ಸ್ ಇರೋರು ಅದೃಷ್ಟವಂತರು. ಆರ್‌ಕ್ಲೋನ್ (ಕ್ಲೌಡಿಗೆ ಫೈಲ್ ಕಳಿಸೋ ಕಮಾಂಡ್ ಟೂಲು) ಬಳಸಿ ಬ್ಯಾಕಪ್ ಮಾಡೋರಿಗೆ ಬಿಡಬ್ಲ್ಯೂಲಿಮಿಟ್ ಅನ್ನೋ ಆಪ್ಷನ್ನಲ್ಲಿ ಟೈಮ್ ಟೇಬಲ್ಲನ್ನೇ ಬರೀಬೋದು, ಬೆಳಿಗ್ಗೆ 8ರಿಂದ 512ಕೆ, ಸಂಜೆ 7ರಿಂದ 2ಎಂ, ರಾತ್ರಿ 11ರಿಂದ ಲಿಮಿಟ್ಟೇ ಇಲ್ಲ, ಎಲ್ಲ ಒಂದೇ ಸಾಲಲ್ಲಿ, ಟೈಮಿಗೆ ಸರಿಯಾಗಿ ಕಮಾಂಡ್ ಓಡಿಸೋ ಕ್ರಾನ್ ಬೇಡ ಏನೂ ಬೇಡ. ಅಲ್ಲಿ ಲೆಕ್ಕ ಬೈಟಲ್ಲಿ, ಮರೀಬೇಡಿ. ಇದು ವಿಂಡೋಸ್ ಮ್ಯಾಕಲ್ಲೂ ಓಡತ್ತೆ, ನನಗಂತೂ ಷೆಡ್ಯೂಲ್ ಇರೋ ಕ್ಲೌಡ್ ಬ್ಯಾಕಪ್ಪಿಗೆ ಇದಕ್ಕಿಂತ ಅಚ್ಚುಕಟ್ಟಾದ್ದು ಕಂಡಿಲ್ಲ. ಆರ್‌ಸಿಂಕ್, ಕರ್ಲ್, ಡಬ್ಲ್ಯೂಗೆಟ್ ಎಲ್ಲದರಲ್ಲೂ ಲಿಮಿಟ್ ಆಪ್ಷನ್ ಇದೆ. ಸೆಟ್ಟಿಂಗ್ ಇಲ್ಲದ ಪ್ರೋಗ್ರಾಮಿಗೆ ಟ್ರಿಕಲ್ ಅಂತ ಒಂದು ಹಳೇ ಟೂಲ್ ಇದೆ, ಅದರ ಮೂಲಕ ಪ್ರೋಗ್ರಾಂ ಶುರು ಮಾಡಿದ್ರೆ ನಿಧಾನ ಮಾಡತ್ತೆ, ಆದ್ರೆ ಸ್ಟ್ಯಾಟಿಕ್ ಆಗಿ ಲಿಂಕ್ ಆಗಿರೋ (ಬೇಕಾದ ಲೈಬ್ರರಿ ಎಲ್ಲ ತನ್ನೊಳಗೇ ಇಟ್ಕೊಂಡಿರೋ) ಪ್ರೋಗ್ರಾಂ ಮೇಲೆ ಅದರ ಆಟ ನಡಿಯಲ್ಲ. ವಂಡರ್‌ಶೇಪರ್ ಅನ್ನೋ ಟೂಲ್ ಲಿಮಿಟ್ ಹಾಕೋದು ಇಡೀ ಇಂಟರ್‌ಫೇಸಿಗೆ (ಪೂರ್ತಿ ವೈಫೈಗೆ ಇಲ್ಲಾ ಕೇಬಲ್ಲಿಗೆ), ಒಂದು ಆ್ಯಪಿಗಲ್ಲ.

ರೂಟರ್

ಈಗ ಅಸಲಿ ವಿಷ್ಯ. ಮದುವೆ ಮುಗಿಸ್ಕೊಂಡು ಮನೆಗೆ ಬಂದ್ರಿ, ಮನೆಯವರ ನಾಲ್ಕು ಫೋನೂ ವೈಫೈ ಸಿಕ್ಕಿದ ತಕ್ಷಣ ಫೋಟೋ ವೀಡಿಯೋ ಎಲ್ಲ ಬ್ಯಾಕಪ್ಪಿಗೆ ಹಾಕೋಕೆ ಶುರು ಮಾಡ್ತವೆ. ನಿಮ್ಮ ಲ್ಯಾಪ್‌ಟಾಪಲ್ಲಿ ಎಂಥಾ ಲಿಮಿಟರ್ ಇದ್ರೂ ಅದಕ್ಕೆ ಆ ಫೋನ್‌ಗಳು ಕಾಣಲ್ಲ. ಟೀವಿನೂ ಅಷ್ಟೇ. ಹಂಚಿಕೊಂಡಿರೋ ಲೈನಿಗೆ ಹಿಡಿತ ಇರೋದು ರೂಟರಲ್ಲಿ ಮಾತ್ರ.

ರೂಟರಲ್ಲಿ ಎರಡು ಬಗೆ. ಒಂದು, ಡಿವೈಸ್ ಪ್ರಯಾರಿಟಿ. ಟಿಪಿ ಲಿಂಕ್ ತರದವರ ಎಷ್ಟೋ ಮಾಡೆಲಲ್ಲಿ ಆ್ಯಪಿಂದಲೇ ಈ ಲ್ಯಾಪ್‌ಟಾಪಿಗೆ ಇಷ್ಟು ಗಂಟೆ ಮೊದಲ ಸ್ಥಾನ ಅಂತ ಒತ್ತಬೋದು. ಮೀಟಿಂಗ್ ಇರೋ ಹೊತ್ತಿಗೆ ಒತ್ತಿಕೊಂಡ್ರೆ ಮುಗೀತು, ಮನೆಯವರಿಗೂ ಅರ್ಥ ಆಗತ್ತೆ. ಇನ್ನೊಂದು ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್), ಓಪನ್‌ಡಬ್ಲ್ಯೂಆರ್‌ಟಿ ಅನ್ನೋ ಫ್ರೀ ರೂಟರ್ ಸಾಫ್ಟ್‌ವೇರ್ ಹಾಕಿರೋ ರೂಟರ್‌ಗಳಲ್ಲಿ ಸಿಗೋದು, ನನ್ ಓಟು ಇದಕ್ಕೇ. ಇದರಲ್ಲಿ ಯಾವ ಆ್ಯಪ್ ಯಾವ ಡಿವೈಸ್ ಅಂತ ರೂಲ್ ಬರಿಯೋ ತಲೆನೋವೇ ಇಲ್ಲ. ದರ್ಶಿನಿ ಬಿಲ್ಲಿಂಗ್ ಕೌಂಟರಲ್ಲಿ ಆಫೀಸ್ ಪೂರ್ತಿಗೆ ನಲವತ್ತು ಪ್ಲೇಟ್ ಇಡ್ಲಿ ಹೇಳ್ತಿರೋರ ಹಿಂದೆ ಒಂದೇ ಕಾಫಿ ಬೇಕಾದೋರು ನಿಂತು ಕಾಯ್ತಿರ್ತಾರಲ್ಲ, ಮಾಮೂಲಿ ರೂಟರ್ ಹಾಗೆ, ಎಲ್ಲರಿಗೂ ಒಂದೇ ಸಾಲು. ಎಸ್‌ಕ್ಯೂಎಂ ಬಳಸೋ ಎಫ್‌ಕ್ಯೂ ಕೋಡೆಲ್ ಅನ್ನೋ ಪದ್ಧತಿಲಿ ಒಂದೊಂದು ಕನೆಕ್ಷನ್ನಿಗೂ ಬೇರೆ ಸಾಲು, ಸರದಿ ಪ್ರಕಾರ ಸ್ವಲ್ಪ ಸ್ವಲ್ಪ, ಸಾಲು ಉದ್ದ ಆದ್ರೆ ಕತ್ತರಿಸೋದು. ಇದರ ಹಿಂದಿರೋ ಕೋಡೆಲ್ಲನ್ನ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ 2012ರಲ್ಲಿ ಪ್ರಕಟಿಸಿದ್ರು, ಅದರ ಮುಂದಿನ ರೂಪ ಕೇಕ್ 2018ರಲ್ಲಿ ಲಿನಕ್ಸ್ ಕರ್ನೆಲ್ 4.19ಕ್ಕೆ ಸೇರ್ತು.

ಎಸ್‌ಕ್ಯೂಎಂ ಹಾಕೋ ವಿಧಾನ ಇಷ್ಟೇ, ನಿಮಗೆ ನಿಜವಾಗ್ಲೂ ಸಿಗೋ ಸ್ಪೀಡ್ ಅಳೆದು ಅದರ 85ರಿಂದ 95 ಪರ್ಸೆಂಟ್ ಹಾಕಿ. 40 ಸಿಗ್ತಿದ್ರೆ 36. ನಾಲ್ಕು ಎಂಬಿಪಿಎಸ್ ಸುಮ್ನೆ ಹೋಯ್ತಲ್ಲ ಅಂತ ಹೊಟ್ಟೆ ಉರಿಯತ್ತೆ, ಆದ್ರೆ ಅಷ್ಟು ಬಿಟ್ರೇನೇ ಕ್ಯೂ ಆಪರೇಟರ್ ಕಡೆಯ ಡಬ್ಬದಲ್ಲಿ ಕಟ್ಟೋ ಬದಲು ನಿಮ್ಮ ರೂಟರಲ್ಲಿ ಕಟ್ಟೋದು, ನಿಮ್ಮ ಹತ್ರ ಇದ್ರೆ ತಾನೇ ನೀವು ನಿಭಾಯಿಸೋದು.

ತೊಡಕು ಏನಂದ್ರೆ ಫೈಬರ್ ಜೊತೆ ಕೊಡೋ ಡಬ್ಬಗಳಲ್ಲಿ ಇದು ಸಾಮಾನ್ಯವಾಗಿ ಇರಲ್ಲ. ಅದರ ಹಿಂದೆ ನಿಮ್ದೇ ಒಂದು ರೂಟರ್ ಇಡ್ಬೇಕು. ಎಸ್‌ಪಿ ರೋಡಲ್ಲಿ ರೂಟರ್ ಹುಡುಕೋಕೆ ಹೋಗೋರು ಓಪನ್‌ಡಬ್ಲ್ಯೂಆರ್‌ಟಿ ಸಪೋರ್ಟ್ ಪಟ್ಟಿಲಿ ಮಾಡೆಲ್ ನಂಬರಿನ ಜೊತೆ ಹಾರ್ಡ್‌ವೇರ್ ವರ್ಷನ್ನೂ ನೋಡ್ಕೊಂಡು ಹೋಗಿ, ಅದು ಡಬ್ಬದ ತಳದ ಸ್ಟಿಕ್ಕರಲ್ಲಿರತ್ತೆ, ಒಂದೇ ಮಾಡೆಲ್ ಹೆಸರಲ್ಲಿ ಒಳಗಿನ ಚಿಪ್ಪೇ ಬೇರೆ ಇರೋದುಂಟು. ಹೀಗೆ ಸಾಲು ನಿಭಾಯಿಸೋಕೆ ರೂಟರಿನ ಸಿಪಿಯು ಕೆಲಸ ಮಾಡ್ಬೇಕು, ಹಳೇ ಡಬ್ಬ 40, 50 ಎಂಬಿಪಿಎಸ್ ಎಳೆದೀತು, 300ರ ಪ್ಲಾನಿಗೆ ಉಸಿರು ಕಟ್ಟತ್ತೆ. ವಿಪಿಎನ್ ಹಾಕ್ಕೊಂಡು ಕೆಲಸ ಮಾಡೋರಿಗೆ ಇನ್ನೊಂದು, ರೂಟರ್‌ಗೆ ವಿಪಿಎನ್ ಒಳಗಿಂದು ಕಾಣಲ್ಲ, ನಿಮ್ಮ ಕಾಲೂ ನಿಮ್ಮ ಒನ್‌ಡ್ರೈವೂ ಅದಕ್ಕೆ ಒಂದೇ ಸುರಂಗ. ಅಲ್ಲಿ ಮತ್ತೆ ಆ್ಯಪ್ ಸೆಟ್ಟಿಂಗೇ ಗತಿ, ಎರಡೂ ಸೇರಿಸಿ ಬಳಸ್ಬೇಕು.

ರಾತ್ರಿಗೆ ತಳ್ಳೋದು

ಲಿಮಿಟ್ಟಿಗಿಂತ ಷೆಡ್ಯೂಲ್ ಮೇಲು ಅನ್ನೋರಿದಾರೆ, ಡೌನ್‌ಲೋಡ್ ದೊಡ್ಡದಾಗಿದ್ರೆ ನಾನೂ ಅದೇ ಅಂತೀನಿ. ಲೆಕ್ಕ ನೋಡಿ, ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ, 20 ಎಂಬಿಪಿಎಸ್ ಅಷ್ಟೇ ಬಿಟ್ರೂ 54 ಜಿಬಿ ಇಳಿಯತ್ತೆ. ಅರ್ಧ ಲೈನ್ ಖಾಲಿನೇ ಇದ್ದು, ನೈಟ್ ಶಿಫ್ಟ್ ಮಾಡೋರು ಮನೇಲಿದ್ರೂ ಅವರಿಗೆ ತೊಂದ್ರೆ ಇಲ್ಲ.

ಆದ್ರೆ ಕಂಪ್ಯೂಟರ್ ಸ್ಲೀಪಿಗೆ ಹೋದ್ರೆ ಷೆಡ್ಯೂಲೂ ಮಲಗತ್ತೆ. ಪ್ಲಗ್ ಹಾಕಿದ್ದಾಗ ಸ್ಲೀಪ್ ಬೇಡ ಅಂತ ಪವರ್ ಸೆಟ್ಟಿಂಗಲ್ಲಿ ಇಡಿ, ಅಥವಾ ಟಾಸ್ಕ್ ಷೆಡ್ಯೂಲರಲ್ಲಿ ಕಂಪ್ಯೂಟರ್ ಎಬ್ಬಿಸಿ ಕೆಲಸ ಮಾಡು ಅನ್ನೋ ಟಿಕ್ ಇದೆ, ಆರ್‌ಕ್ಲೋನ್ ತರದ್ದಕ್ಕೆ ಅದು ಚೆನ್ನಾಗಿ ಆಗತ್ತೆ. ಮಳೆಗಾಲದಲ್ಲಿ ಬೆಸ್ಕಾಂ ಕರೆಂಟ್ ತೆಗೆದ್ರೆ ಲ್ಯಾಪ್‌ಟಾಪ್ ಬ್ಯಾಟರಿಲಿ ಬದುಕತ್ತೆ, ರೂಟರ್ ಬದುಕಲ್ಲ, ರೂಟರ್‌ಗೆ ಅಂತಲೇ ಸಿಗೋ ಪುಟ್ಟ ಯುಪಿಎಸ್ ಒಂದು ಹಾಕಿಟ್ಟಿರಿ, ಫೈಬರ್ ಡಬ್ಬ ಬೇರೆ ರೂಟರ್ ಬೇರೆ ಇದ್ರೆ ಎರಡಕ್ಕೂ ಕೊಡ್ಬೇಕು.

ಎಫ್‌ಯುಪಿ (ಪ್ಲಾನಿನ ಡೇಟಾ ಮಿತಿ) ದಾಟಿ ಹೋಗ್ತಿದೆ, ಲಿಮಿಟರ್ ಹಾಕ್ಲಾ ಅಂತ ಕೇಳೋರಿಗೆ: ಫೈಲ್ ಡೌನ್‌ಲೋಡ್ ನಿಧಾನ ಮಾಡಿದ್ರೆ ಜಿಬಿ ಉಳಿಯಲ್ಲ, 50 ಜಿಬಿ ಗೇಮು ನಿಧಾನಕ್ಕೆ ಬಂದ್ರೂ 50 ಜಿಬಿನೇ. ವೀಡಿಯೋ ಮಾತ್ರ ಬೇರೆ, ಸ್ಪೀಡ್ ಕಮ್ಮಿ ಸಿಕ್ರೆ ಅದು ತಾನೇ ಕ್ವಾಲಿಟಿ ಇಳಿಸ್ಕೊಳತ್ತೆ, ಅಲ್ಲಿ ನಿಜವಾಗ್ಲೂ ಉಳಿತಾಯ ಆಗತ್ತೆ. ಟೀವಿಗೆ ರೂಟರಲ್ಲಿ 5 ಎಂಬಿಪಿಎಸ್ ಇಟ್ರೆ 4ಕೆ ಓಡಲ್ಲ, ಅಪ್ಪ ನೋಡೋ ಧಾರಾವಾಹಿಗೆ 4ಕೆ ಬೇಕಾಗೂ ಇಲ್ಲ.

ಪಿಜಿಲಿರೋರು

ಬಿಟಿಎಂ, ಮಾರತಹಳ್ಳಿ ಪಿಜಿಗಳಲ್ಲಿ ರೂಟರ್ ಪಾಸ್‌ವರ್ಡ್ ಓನರ್ ಹತ್ರ, ಒಂದು ಫ್ಲೋರಿಗೆ ಒಂದೇ ರೂಟರು. ನಿಮ್ಮ ಮಷಿನಲ್ಲಿ ಏನೇ ಲಿಮಿಟರ್ ಹಾಕಿದ್ರೂ ಪಕ್ಕದ ರೂಮಿನವರ ಡೌನ್‌ಲೋಡ್ ನಿಲ್ಲಲ್ಲ, ಅದಕ್ಕೆ ದುಡ್ಡು ಹಾಕ್ಬೇಡಿ. ಮುಖ್ಯವಾದ ಕಾಲಿಗೆ ಫೋನ್ ಹಾಟ್‌ಸ್ಪಾಟ್ ಬಳಸೋದೇ ಲೇಸು, ಆದ್ರೆ ದಿನಕ್ಕೆ ಒಂದೂವರೆ ಎರಡು ಜಿಬಿ ಪ್ಯಾಕಲ್ಲಿ ಲ್ಯಾಪ್‌ಟಾಪ್ ಕನೆಕ್ಟ್ ಆದ ತಕ್ಷಣ ಹಿಂದೆ ಸಿಂಕ್ ಶುರುವಾದ್ರೆ ಅರ್ಧ ಗಂಟೇಲಿ ಎಲ್ಲ ಖಾಲಿ. ವಿಂಡೋಸಲ್ಲಿ ಆ ಹಾಟ್‌ಸ್ಪಾಟಿನ ಪ್ರಾಪರ್ಟೀಸಿಗೆ ಹೋಗಿ ಮೀಟರ್ಡ್ ಕನೆಕ್ಷನ್ ಆನ್ ಮಾಡಿ. ಒನ್‌ಡ್ರೈವ್ ಸಿಂಕ್ ನಿಲ್ಲಿಸ್ಕೊಳತ್ತೆ, ವಿಂಡೋಸ್ ಅಪ್‌ಡೇಟ್ ಬಹುತೇಕ ಎಲ್ಲವನ್ನೂ ತಡೆದಿಟ್ಕೊಳತ್ತೆ. ಸ್ಟೀಮನ್ನ ಮಾತ್ರ ಇದಕ್ಕೆ ನಂಬಬೇಡಿ, ಅದನ್ನ ಪೂರ್ತಿ ಎಕ್ಸಿಟ್ ಮಾಡ್ಬಿಡಿ. ಈ ಮೀಟರ್ಡ್ ಟಿಕ್ ಒಂದೊಂದು ನೆಟ್‌ವರ್ಕಿಗೆ ಬೇರೆ ಬೇರೆ ಇರತ್ತೆ, ಹಾಗಾಗಿ ಹಾಟ್‌ಸ್ಪಾಟಿಗೆ ಒಂದ್ಸಲ ಹಾಕಿಟ್ರೆ ಸಾಕು, ಪಿಜಿ ವೈಫೈಗೆ ವಾಪಸ್ ಹೋದಾಗ ಸಿಂಕು ಅಪ್‌ಡೇಟು ಮೊದಲಿನ ತರಾನೇ ನಡಿತಾ ಇರತ್ತೆ.